ಪರಸ್ಥಳದ ಓದುಗ

ಧಾರವಾಡದಿಂದ ಲೋಂಡಾದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕ್ಯಾರಕೊಪ್ಪ ದಾಟಿದರೆ ಮುಗದ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿರುವ ಊರು ಇದು. ದೊಡ್ಡ ಕೆರೆ, ಭತ್ತದ ಗದ್ದೆ, ಮಣ್ಣಿನ ಗಡಿಗೆಗಳಿಗೆ ಹೆಸರಾದ ಕುಂಬಾರರ ಮನೆಗಳು. ಕ್ರಿ.ಶ. 1045ರ ಶಾಸನದಲ್ಲಿ ಇದರ ಹೆಸರು ಮುಗುಂದ. ಆಗ ಇಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದ ಸಂಗತಿಯನ್ನು ಆ ಶಾಸನ ಹೇಳುತ್ತದೆ. ಇಂದಿನವರಿಗೆ ಇದು ‘ಮುಗದ ಸುಗಂಧ’ ಎಂಬ ಅಕ್ಕಿಯ ಊರು, ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿರುವ ಊರು.

ಇಂತಹ ಊರಿಗೆ ಯಾರು ಯಾರು ಬರುತ್ತಾರೆಂಬುದನ್ನು ಒಮ್ಮೆ ಎಣಿಸಿ ನೋಡೋಣ. ಗಡಿಗೆ ಕೊಳ್ಳುವವರು ಬರುತ್ತಾರೆ. ಬೀಜ ಕೇಳುವ ರೈತರು ಬರುತ್ತಾರೆ. ಶಾಸನ ನೋಡಲೆಂದು ಎಂದೋ ಒಬ್ಬ ಸಂಶೋಧಕ ಬರುತ್ತಾನೆ. ಬೀಗರು ಬಿಜ್ಜರಂತೂ ಸರಿಯೇ. ದೀಪಾವಳಿ ಕಳೆದರೆ ಸಾಕು, ಅಳ್ನಾವರ ಹಳಿಯಾಳಗಳ ಸುತ್ತಿನ ಸೀಮೆಗೆಲ್ಲ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ವಿಜಯಪುರದ ಕಡೆಯವರು, ಗಡಿಯಾಚೆಯ ಬೀಡ ಜಿಲ್ಲೆಯವರು. ಸುಗ್ಗಿಯಾದ ಹೊಲಗಳಿಗೆ ಕುರಿಯ ಹಿಂಡಿನೊಡನೆ ಕುರುಬರು ಬರುತ್ತಾರೆ. ಮಾಘಮಾಸದಲ್ಲಿ ಉಳವಿಯ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟುತ್ತವೆ. ಹೀಗೆ ಬಂದವರಿಗೆ ಊರು ಏನೇನು ಕೊಡುತ್ತದೆ? ಚಹಾದ ಅಂಗಡಿ ಚಹಾ ಕೊಡುತ್ತದೆ. ಗುಡಿಯ ಪೌಳಿ ನೆರಳು ಕೊಡುತ್ತದೆ. ಬಾವಿ ನೀರು ಕೊಡುತ್ತದೆ. ಊರ ವಾಚನಾಲಯ ಏನು ಕೊಡುತ್ತದೆ? ಈ ಒಂದು ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಪ್ರಶ್ನೆ ಸಣ್ಣದೆಂದು ತೋರಬಹುದು. ಹೊಟ್ಟೆಗೆ ಹಿಟ್ಟು ಹುಡುಕಿಕೊಂಡು ಬಂದವನಿಗೆ ಪುಸ್ತಕದ ಗೊಡವೆ ಏಕೆ ಎಂದು ಕೇಳುವವರೂ ಇದ್ದಾರೆ. ಆದರೆ ನಮ್ಮ ಹಿರಿಯರು ಹಾಗೆ ಕೇಳಲಿಲ್ಲ. ಓದನ್ನೂ ಊಟವನ್ನೂ ಅವರು ಒಂದೇ ಅಂಗಳದಲ್ಲಿ ಬಡಿಸಿದರು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬ ಹೆಸರಾಂತ ಮಠವಿತ್ತು. ಅಲ್ಲಿಯ 1162ರ ಶಾಸನ ಆ ಮಠದ ವರ್ಣನೆಯನ್ನು ಬಹಳ ವಿಸ್ತಾರವಾಗಿ ಮಾಡುತ್ತದೆ. ನಾಲ್ಕು ವೇದಗಳನ್ನು ಅಲ್ಲಿ ಓದಿಸುತ್ತಿದ್ದರು, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ಅಲ್ಲಿ ವ್ಯಾಖ್ಯಾನ ನಡೆಯುತ್ತಿತ್ತು, ಕಾವ್ಯನಾಟಕಗಳ ವಿಚಾರವಾಗುತ್ತಿತ್ತು. ಅದೇ ಉಸಿರಿನಲ್ಲಿ ಶಾಸನ ಇನ್ನೊಂದು ಮಾತನ್ನೂ ಹೇಳುತ್ತದೆ: ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಗಳಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ವ್ಯಾಕರಣ ಓದುವ ಪಡಸಾಲೆಗೂ ಹಸಿದವನು ಕುಳಿತ ಪಂಕ್ತಿಗೂ ನಡುವೆ ಆ ಶಾಸನಕವಿ ಗೋಡೆಯನ್ನು ಎಬ್ಬಿಸಲಿಲ್ಲ. ವ್ಯಾಕರಣವನ್ನೇ ಹೊಟ್ಟೆಪಾಡಿಗೆ ನಂಬಿದ ನನ್ನಂಥವನಿಗೆ ಈ ಶಾಸನ ಒಂದು ಪಾಠ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿ ಎಂಬ ಊರಿದೆ. ಅಲ್ಲಿದ್ದ ಘಟಿಕಾಸ್ಥಾನದ 1058ರ ಶಾಸನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳ ಮಾತು ಬರುತ್ತದೆ. ಅವರಿಗೆ ಕಲಿಸುವ ಉಪಾಧ್ಯಾಯರ ಮಾತು ಬರುತ್ತದೆ. ಆಮೇಲೆ 6 ಮಂದಿ ಸರಸ್ವತೀ ಭಂಡಾರಿಗರ ಮಾತು ಬರುತ್ತದೆ. ಗ್ರಂಥಗಳನ್ನು ಕಾಯುವ, ಕೊಡುವ, ತೆಗೆದಿಡುವ ಅಧಿಕಾರಿಗಳಿಗೆ ಆ ಕಾಲದಲ್ಲಿ ಎಂತಹ ಸೊಗಸಾದ ಹೆಸರು! ಸಂಬಳಕ್ಕೆ ಭೂಮಿಯನ್ನು ಪಡೆದು ಆರು ಜನ ಒಂದು ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದರು. ಇಂದಿನ ಹಳ್ಳಿಯ ಗ್ರಂಥಾಲಯದಲ್ಲಿ ಒಬ್ಬನೇ ಮೇಲ್ವಿಚಾರಕ. ಬಾಗಿಲು ತೆಗೆಯುವವನೂ ಅವನೇ, ಕಸ ಗುಡಿಸುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನೊಂದು ಪರಂಪರೆಯೂ ನಮ್ಮಲ್ಲಿದೆ. ಅದನ್ನು ಮರೆಮಾಚಿದರೆ ನ್ಯಾಯವಾಗಲಾರದು. ಮೂಡಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ನಮ್ಮ ಹಳಗನ್ನಡ. ದೂರದೇಶಗಳಿಂದ ಯಾತ್ರಿಕರು ಬರುತ್ತಿದ್ದರು. ಗ್ರಂಥದ ದರ್ಶನ ಮಾಡಿ, ಕೈಮುಗಿದು, ಕಾಣಿಕೆಯೊಪ್ಪಿಸಿ ಹೋಗುತ್ತಿದ್ದರು. ಓದುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಮಾಡುವ ಕಾರ್ಯ ಮೊದಲಾಯಿತು. 1939ರಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಹೊರಬಂದಿತು. ಅಷ್ಟು ಕಾಲ ಕಾಯ್ದವರನ್ನು ನಾವು ಹಳಿಯಲಾಗದು. ಅವರು ಕಾಯದೆ ಇದ್ದಿದ್ದರೆ ಅಚ್ಚು ಹಾಕಲು ಗ್ರಂಥವೇ ಉಳಿಯುತ್ತಿರಲಿಲ್ಲ. ಆದರೆ ಕಾಯುವುದು ಅರ್ಧ ಧರ್ಮ, ಕೊಡುವುದು ಇನ್ನರ್ಧ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಈ ಎರಡನೆಯ ಅರ್ಧವನ್ನು ಹತ್ತನೆಯ ಶತಮಾನದಲ್ಲಿಯೇ ಮಾಡಿ ತೋರಿಸಿದಳು. ನಮ್ಮ ಚಿಕ್ಕ ಊರುಗಳ ಗ್ರಂಥಾಲಯಗಳಲ್ಲಿ ಇಂದಿಗೂ ಈ ಎರಡು ಧರ್ಮಗಳ ತಿಕ್ಕಾಟ ನಡೆದೇ ಇದೆ. ಗಾಜಿನ ಬೀರು, ಬೀರುವಿಗೆ ಬೀಗ, ಬೀಗದ ಕೈ ಮೇಲ್ವಿಚಾರಕನ ಜೇಬಿನಲ್ಲಿ. ಹೊರಗಿನಿಂದ ಬಂದವನಿಗೆ ಪುಸ್ತಕದ ದರ್ಶನಲಾಭ ಮಾತ್ರ.

ಪುಸ್ತಕವೇ ಓದುಗನನ್ನು ಹುಡುಕಿಕೊಂಡು ಹೋದ ಕಾಲವೂ ಇತ್ತು. ಹಾವೇರಿಯ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಕನ್ನಡ ಓದುವವರೇ ಇಲ್ಲವೆಂದು ಜನ ಹೇಳುತ್ತಿದ್ದ ಕಾಲದಲ್ಲಿ ಆ ಪುಣ್ಯಪುರುಷರು ಓದುಗರನ್ನು ಮಾಡಿಕೊಂಡರು. ಬಡೋದೆಯ ಸಯಾಜಿರಾವ್ ಮಹಾರಾಜರು 1910ರಲ್ಲಿ ಅಮೇರಿಕೆಯಿಂದ ಬೋರ್ಡನ್ ಎಂಬ ಗ್ರಂಥಾಲಯ ತಜ್ಞರನ್ನು ಕರೆಯಿಸಿಕೊಂಡು ಸಂಸ್ಥಾನದ ತುಂಬ ಗ್ರಂಥಾಲಯಗಳ ಜಾಲವನ್ನು ಹೆಣೆಸಿದರು. ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಯಿಂದ ಹಳ್ಳಿಗೆ ಹೋದವು. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯೇ ಗ್ರಂಥಾಲಯವಾಯಿತು. ಅದೇ ವರ್ಷ ಎಸ್. ಆರ್. ರಂಗನಾಥನ್ನರು ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಉಪಯೋಗಕ್ಕೆಂಬುದು ಮೊದಲನೆಯದು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು ಎರಡನೆಯದು. ಆ ಓದುಗನಿಗೆ ಊರಿರಬೇಕು, ಮನೆಯಿರಬೇಕು, ಮನೆಗೆ ನಂಬರಿರಬೇಕು ಎಂಬ ಮಾತು ಆ ಐದರಲ್ಲಿ ಎಲ್ಲಿಯೂ ಇಲ್ಲ.

ಇಂಗ್ಲಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಾತ್, ಬ್ರೈಟನ್ ಮೊದಲಾದ ಊರುಗಳಿಗೆ ಸ್ನಾನಕ್ಕೂ ಹವಾ ಬದಲಾವಣೆಗೂ ಸಿರಿವಂತರು ಹೋಗುತ್ತಿದ್ದರು. ಊರಿಗೆ ಕಾಲಿಟ್ಟೊಡನೆ ಅಲ್ಲಿಯ ಗ್ರಂಥಾಲಯಕ್ಕೆ ಹೋಗಿ ಪುಸ್ತಕದಲ್ಲಿ ಹೆಸರು ಬರೆಯಿಸಿ ಚಂದಾ ಕೊಡುವುದು ರೂಢಿಯಾಗಿತ್ತು. ಊರಿಗೆ ಯಾರು ಬಂದಿದ್ದಾರೆಂಬುದು ಆ ಪುಸ್ತಕದಿಂದಲೇ ತಿಳಿಯುತ್ತಿತ್ತು. ಆದರೆ ಅವು ವ್ಯಾಪಾರದ ಗ್ರಂಥಾಲಯಗಳು. ಅಲ್ಲಿಯ ಸ್ವಾಗತ ಹಣದ ಥೈಲಿಗೆ. ನಾವು ಕೇಳಬೇಕಾದುದು ಬೇರೆ: ಥೈಲಿಯಿಲ್ಲದೆ ಬಂದವನಿಗೆ ಸ್ವಾಗತ ಉಂಟೇ?

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿ ಶಿಕ್ಷಕನಾಗಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿಯ ವಾಚನಾಲಯಕ್ಕೆ ಹೋಗಿ ಪತ್ರಿಕೆಗಳನ್ನು ತಿರುವಿಹಾಕಿ ಮನೆಗೆ ಹೋಗುವುದು ನನ್ನ ವಾಡಿಕೆ. ಸಂಕ್ರಮಣದ ಮುಂಚಿನ ದಿನಗಳು. ಹದಿನೇಳು ಹದಿನೆಂಟರ ಒಬ್ಬ ಹುಡುಗ ದಿನವೂ ಬರತೊಡಗಿದ. ಅಂಗಿಯ ತೋಳಿಗೆ ರವದಿಯ ಚೂರು ಅಂಟಿರುತ್ತಿತ್ತು. ಕೈಯಲ್ಲಿ ಕಬ್ಬಿನ ಗರಿ ಕೊಯ್ದ ಗೀರುಗಳು. ಕುರ್ಚಿ ಖಾಲಿಯಿದ್ದರೂ ಕೂಡುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತು ಒಂದೇ ಕಾದಂಬರಿಯನ್ನು ಓದುತ್ತಿದ್ದ. ದೀಪ ಆರಿಸುವ ಹೊತ್ತಿಗೆ ಅದನ್ನು ತೆಗೆದ ಜಾಗದಲ್ಲಿಯೇ ಇಟ್ಟು ಹೋಗುತ್ತಿದ್ದ. ಹೀಗೆ ಎಂಟು ಹತ್ತು ದಿನ ಕಳೆದಿರಬೇಕು. ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಮೇಲ್ವಿಚಾರಕರ ಮೇಜಿನ ಹತ್ತಿರ ಬಂದ.

“ನಾಳೆ ಮುಂಜಾನೆ ನಮ್ಮ ಗ್ಯಾಂಗ್ ಮುಂದಿನ ಊರಿಗೆ ಹೊಂಟೈತ್ರಿ. ಇನ್ನ ಎಂಬತ್ತು ಪಾನ ಉಳದಾವು. ಒಯ್ದು ಓದಿ, ತಂದು ಕೊಡ್ತೀನ್ರಿ” ಎಂದ.

ಮೇಲ್ವಿಚಾರಕರು ಕೆಟ್ಟವರಲ್ಲ. “ತಮ್ಮಾ, ನಿನಗ ಈ ಊರಾಗ ವಿಳಾಸ ಇಲ್ಲ. ಯಾರರ ಜಾಮೀನಾಗಬೇಕು. ಪುಸ್ತಕ ತಿರುಗಿ ಬರಲಿಲ್ಲಂದ್ರ ರೊಕ್ಕ ನಾ ತುಂಬಬೇಕಾಗ್ತದ” ಎಂದರು. ಹಾಗೆಂದು ನನ್ನ ಕಡೆಗೆ ನೋಡಿದರು. ಹುಡುಗನೂ ನೋಡಿದ.

ನಾನು ಆ ಗ್ರಂಥಾಲಯದ ಸದಸ್ಯ. ನನ್ನ ಒಂದು ಸಹಿ ಸಾಕಾಗಿತ್ತು. ಪುಸ್ತಕದ ಬೆಲೆ ನೂರಿಪ್ಪತ್ತು ರೂಪಾಯಿ. ಆದರೂ ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತು: “ಮುಂದಿನ ವರ್ಷ ಮತ್ತ ಬರ್ತೀಯಲ್ಲಪಾ, ಆವಾಗ ಓದಿದ್ರಾತು.”

“ಹೂನ್ರಿ ಸರ್” ಎಂದು ಹುಡುಗ ಪುಸ್ತಕವನ್ನು ಒಯ್ದು ಅದರ ಜಾಗದಲ್ಲಿ ಇಟ್ಟ. ಚಪ್ಪಲಿ ಮೆಟ್ಟಿಕೊಂಡು ಹೋದ.

ವಾರದ ಮೇಲೆ ಆ ಕಾದಂಬರಿಯನ್ನು ನಾನು ತೆಗೆದು ನೋಡಿದೆ. ಅವನು ನಿಲ್ಲಿಸಿದ ಪುಟದಲ್ಲಿ ಗುರುತಿಗೆಂದು ಒಣಗಿದ ಕಬ್ಬಿನ ಗರಿಯ ಒಂದು ತುಣುಕು ಇತ್ತು. ಎಣಿಸಿ ನೋಡಿದೆ, ಎಂಬತ್ತು ಪುಟಗಳೇ ಉಳಿದಿದ್ದವು. ಮುಂದಿನ ವರ್ಷ ಗ್ಯಾಂಗುಗಳು ಬಂದವು. ಆ ಹುಡುಗ ಬರಲಿಲ್ಲ. ನಾನು ಮಕ್ಕಳಿಗೆ ಓದಿನ ಮಹಿಮೆಯನ್ನು ಪ್ರತಿದಿನ ಬೋಧಿಸುವ ಮಾಸ್ತರ. ಒಬ್ಬ ಓದುಗನ ಮೇಲೆ ನೂರಿಪ್ಪತ್ತು ರೂಪಾಯಿಯ ನಂಬಿಕೆಯನ್ನೂ ಇಡಲಾರದೆ ಹೋದೆ.

ಹಾಗೆ ನೋಡಿದರೆ ತಪ್ಪು ಮೇಲ್ವಿಚಾರಕರದಲ್ಲ. ವಿಳಾಸ ಕೇಳುವುದು ಅವರ ಕರ್ತವ್ಯ. ಅಲ್ಪ ಸಂಬಳದಲ್ಲಿ ಕಳೆದ ಪುಸ್ತಕದ ಬೆಲೆಯನ್ನೂ ತೆರಬೇಕಾಗಿ ಬಂದರೆ ಯಾರಾದರೂ ಬೀಗವನ್ನೇ ನಂಬುತ್ತಾರೆ. ತೊಡಕಿರುವುದು ನಮ್ಮ ಏರ್ಪಾಡಿನಲ್ಲಿ. ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾಯಿತು. ಮನೆಗಳ, ಕಟ್ಟಡಗಳ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ಕೂಡಿಸುವ ಪದ್ಧತಿ ಬಂದಿತು. ಇದು ಒಳ್ಳೆಯ ಪದ್ಧತಿ. ಧನಿಕನೊಬ್ಬನ ಔದಾರ್ಯವನ್ನು ಕಾಯದೆ ಊರಿನವರೆಲ್ಲ ಕೂಡಿ ಪುಸ್ತಕ ಕೊಳ್ಳುವ ಪದ್ಧತಿ. ಆದರೆ ಇದರಿಂದ ಒಂದು ಭಾವನೆಯೂ ಬೆಳೆಯಿತು: ಕರ ಕೊಡುವವನ ಗ್ರಂಥಾಲಯ ಇದು, ಕರ ಕೊಡದವನಿಗೆ ಇದರಲ್ಲಿ ಪಾಲಿಲ್ಲ. ಗುಡಿಸಲಿನಲ್ಲಿರುವ ಕಬ್ಬಿನವನು ಮನೆಯ ತೆರಿಗೆ ಕೊಡುವುದಿಲ್ಲ, ನಿಜ. ಆದರೆ ಅವನು ಕಡಿದ ಕಬ್ಬಿನಿಂದ ಬಂದ ಹಣದಲ್ಲಿ ಅಲ್ಲವೇ ಊರಿನ ಎಷ್ಟೋ ಮನೆಗಳ ಮೇಲೆ ಸ್ಲ್ಯಾಬು ಬಿದ್ದುದು? ಆ ಮನೆಗಳು ಕಟ್ಟುವ ಕರದಲ್ಲಿ ಅವನ ಬೆವರೂ ಸೇರಿದೆ. ಲೆಕ್ಕದ ವಹಿಯಲ್ಲಿ ಅವನ ಹೆಸರಿಲ್ಲ, ಅಷ್ಟೇ.

ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇಂದು ಅವುಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ರಾಜ್ಯದಲ್ಲಿ 5,600ಕ್ಕೂ ಮಿಕ್ಕಿ ಇವೆ. 2020ರಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಹಣವಿಲ್ಲದೆ ಸದಸ್ಯತ್ವ ದೊರೆಯಿತು. ಇದು ಸಣ್ಣ ಮಾತಲ್ಲ. ಬಾಗಿಲು ಅಷ್ಟು ಅಗಲವಾದ ಮೇಲೆ ಇನ್ನಷ್ಟು ಅಗಲವಾಗಲು ಅಡ್ಡಿಯೇನು? ನನಗೆ ತೋರಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ. ಹೆಚ್ಚು ಹಣ ಬೇಡುವಂಥವು ಇದರಲ್ಲಿ ಯಾವುದೂ ಇಲ್ಲ.

ಮೊದಲನೆಯದು, ಕುಳಿತು ಓದುವವನಿಗೆ ಯಾವ ಕಾಗದಪತ್ರವನ್ನೂ ಕೇಳಕೂಡದು. ಬಾಗಿಲ ಹತ್ತಿರದ ವಹಿಯಲ್ಲಿ ಹೆಸರು ಬರೆದರೆ ಸಾಕು. ಬರೆಯಲು ಬಾರದಿದ್ದರೆ ಬರೆದುಕೊಡಬೇಕು. ‘ಪರಸ್ಥಳದವರು ಬಂದು ಓದಬಹುದು’ ಎಂಬ ಒಂದು ಸಾಲನ್ನು ಹಲಗೆಯ ಮೇಲೆ ಬರೆಯಿಸಿ ಹೊರಗೆ ತೂಗುಹಾಕಬೇಕು. ಆ ಹುಡುಗ ಹತ್ತು ದಿನ ನಿಂತೇ ಓದಿದುದೇಕೆ? ಕೂಡು ಎಂದು ನಾವು ಯಾರೂ ಹೇಳಲಿಲ್ಲ, ಅದಕ್ಕೆ.

ಎರಡನೆಯದು, ಹೊತ್ತಿನ ಮಾತು. ದುಡಿಯಲು ಬಂದವನು ಹಗಲು ಹೊಲದಲ್ಲಿರುತ್ತಾನೆ. ಅವನು ಕೈಕಾಲು ತೊಳೆದುಕೊಂಡು ಊರಿಗೆ ಬರುವ ಹೊತ್ತಿಗೆ ನಮ್ಮ ಬಾಗಿಲು ಮುಚ್ಚಿರುತ್ತದೆ. ಸುಗ್ಗಿಯ ಮೂರು ತಿಂಗಳಾದರೂ ದೀಪ ಇನ್ನೊಂದು ತಾಸು ಉರಿಯಲಿ. ಆ ಒಂದು ತಾಸನ್ನು ಮೇಲ್ವಿಚಾರಕನೊಬ್ಬನ ತಲೆಗೇ ಕಟ್ಟದೆ, ಊರಿನ ಶಿಕ್ಷಕರೂ ಕಾಲೇಜು ಓದುವ ತರುಣರೂ ಸರದಿಯಿಂದ ಹೊತ್ತುಕೊಳ್ಳಬಹುದು. ಸರಸ್ವತೀ ಭಂಡಾರಿಗರು ಆರು ಜನರಿದ್ದರೆಂಬುದನ್ನು ಮರೆಯದಿರೋಣ.

ಮೂರನೆಯದು, ಬಂದವರ ಪುಸ್ತಕಗಳು. ಬೀಡ ಕಡೆಯ ಕೂಸಿಗೆ ಮರಾಠಿ ಅಂಕಲಿಪಿ ಬೇಕು. ಇನ್ನೊಬ್ಬರಿಗೆ ಹಿಂದಿಯೋ ಉರ್ದುವೋ ಬೇಕಾಗಬಹುದು. ಒಂದು ಹಲಗೆಯಷ್ಟು ಪುಸ್ತಕ ಸಾಕು. ಊರು ನೋಡಲು ಬಂದವರಿಗಾಗಿ ಊರಿನದೇ ಒಂದು ನೋಟುಬುಕ್ಕು ಮೇಜಿನ ಮೇಲಿರಲಿ. ಇಲ್ಲಿಯ ಶಾಸನದಲ್ಲಿ ಏನಿದೆ, ಕೆರೆಯ ಕೋಡಿ ಎತ್ತ ಹರಿಯುತ್ತದೆ, ಕುಂಬಾರರು ಮಣ್ಣನ್ನು ಹೇಗೆ ಹದಮಾಡುತ್ತಾರೆ ಎಂಬುದನ್ನು ಶಾಲೆಯ ಮಕ್ಕಳೇ ಹಿರಿಯರನ್ನು ಕೇಳಿ ಬರೆಯಲಿ. ಬಂದವರಿಗೆ ತಿಳಿವಳಿಕೆಯಾಗುತ್ತದೆ, ಬರೆದವರಿಗೆ ತಮ್ಮ ಊರು ಗೊತ್ತಾಗುತ್ತದೆ.

ನಾಲ್ಕನೆಯದು, ಕೊಂಡೊಯ್ಯುವ ಮಾತು. ಇದೇ ಕಠಿಣ. 5,600 ಕೇಂದ್ರಗಳು ಒಂದೇ ಇಲಾಖೆಯ ಕೆಳಗಿರುವಾಗ ಇಲ್ಲಿ ತೆಗೆದುಕೊಂಡ ಪುಸ್ತಕವನ್ನು ಮುಂದಿನ ಊರಿನ ಕೇಂದ್ರದಲ್ಲಿ ಒಪ್ಪಿಸುವಂತೇಕೆ ಆಗಬಾರದು? ಅಂಚೆಯ ಪತ್ರ ಯಾವ ಊರಿನ ಪೆಟ್ಟಿಗೆಯಲ್ಲಿ ಹಾಕಿದರೂ ಮುಟ್ಟುತ್ತದೆ. ಪುಸ್ತಕವೂ ಹಾಗೆಯೇ ಮುಟ್ಟಬೇಕು. ಅದು ಆಗುವವರೆಗೆ, ದಾನವಾಗಿ ಬಂದ ಹಳೆಯ ಪುಸ್ತಕಗಳನ್ನು ಬೇರೆ ತೆಗೆದಿಟ್ಟು, ತಿರುಗಿ ಬಂದರೆ ಸಂತೋಷ, ಬಾರದಿದ್ದರೆ ದುಃಖವಿಲ್ಲ ಎಂಬ ಲೆಕ್ಕದಲ್ಲಿ ಕೊಟ್ಟುಬಿಡಬೇಕು. ಇಂಥ ಪುಸ್ತಕಗಳಿಗೆ ಬೆಲೆ ತೆರುವ ಹೊಣೆ ಮೇಲ್ವಿಚಾರಕನ ಮೇಲೆ ಇರಕೂಡದು.

ನಂಬಿದರೆ ಮೋಸವಾಗುವುದಿಲ್ಲವೇ ಎಂದು ಕೇಳುವಿರಿ. ಆಗುತ್ತದೆ. ಆ ಸಂಜೆಯ ತರುವಾಯ ಪರಸ್ಥಳದವರು ಕೇಳಿದಾಗಲೆಲ್ಲ ನಾನು ಜಾಮೀನಿಗೆ ಸಹಿ ಮಾಡುತ್ತ ಬಂದಿದ್ದೇನೆ. ಬಹಳಷ್ಟು ಪುಸ್ತಕಗಳು ತಿರುಗಿ ಬಂದಿವೆ. ಒಂದು ಲಾರಿಯ ಚಾಲಕನ ಕೈಯಲ್ಲಿ ಕೊಟ್ಟು ಕಳಿಸಿದ್ದರು, ಹೊದಿಕೆ ಹಾಕಿ. ಎರಡು ಬರಲಿಲ್ಲ. ಅವುಗಳ ಬೆಲೆಯನ್ನು ಕಟ್ಟಿದೆ. ಊರಿನ ಕಾಯಂ ವಿಳಾಸದವರು ಒಯ್ದು ಕೊಡದೆ ಉಳಿಸಿಕೊಂಡ ಪುಸ್ತಕಗಳ ಪಟ್ಟಿ ಅದಕ್ಕಿಂತ ಬಹಳ ಉದ್ದವಿದೆ. ಅದನ್ನು ಮೇಲ್ವಿಚಾರಕರೇ ನನಗೆ ತೋರಿಸಿದರು. ವಿಳಾಸವಿದ್ದವನೆಲ್ಲ ನಂಬಿಗಸ್ತನೆಂದೂ ವಿಳಾಸವಿಲ್ಲದವನು ಸಂಶಯಕ್ಕೆ ಪಾತ್ರನೆಂದೂ ತಿಳಿಯುವುದಕ್ಕೆ ಆ ಪಟ್ಟಿ ಒಪ್ಪುವುದಿಲ್ಲ.

ಅತಿಥಿ ಎಂಬ ಶಬ್ದಕ್ಕೆ ತಿಥಿಯಿಲ್ಲದೆ ಬರುವವನು ಎಂದು ಅರ್ಥ ಹೇಳುವುದುಂಟು. ಗೊತ್ತಾದ ದಿನಕ್ಕೆ ಬರುವವನು ನೆಂಟ. ಹೇಳದೆ ಕೇಳದೆ ಹಸಿದು ಬರುವವನು ಅತಿಥಿ. ಊಟದ ಹೊತ್ತಿಗೆ ಬಂದವನನ್ನು ನಮ್ಮ ತಾಯಂದಿರು ಯಾವ ಊರಿನವನೆಂದು ಕೇಳುತ್ತಿದ್ದರು, ನಿಜ. ಆದರೆ ಕೈಗೆ ನೀರು ಕೊಟ್ಟ ಮೇಲೆ ಕೇಳುತ್ತಿದ್ದರು. ನಮ್ಮ ಗ್ರಂಥಾಲಯಗಳೂ ಹೀಗೆಯೇ ನಡೆದುಕೊಳ್ಳಬೇಕು. ಊರು, ವಿಳಾಸ, ಜಾಮೀನುಗಳ ವಿಚಾರ ಆಮೇಲಾಗಲಿ. ಮೊದಲು ಕುರ್ಚಿ ತೋರಿಸಿ ಪುಸ್ತಕವನ್ನು ಕೈಗೆ ಕೊಡೋಣ.

ಆ ಹುಡುಗ ಇಂದು ಎಲ್ಲಿದ್ದಾನೋ ತಿಳಿಯದು. ಬಾನುಲಿ ಗುಡಿಸಲುಗಳಲ್ಲಿಯೂ ನುಡಿಯುತ್ತದೆ. ಎಲ್ಲಿಯಾದರೂ ಈ ಮಾತು ಅವನ ಕಿವಿಗೆ ಬಿದ್ದೀತೆಂಬ ಆಶೆ ನನಗಿದೆ. ತಮ್ಮಾ, ಆ ಪುಸ್ತಕವಿನ್ನೂ ಅದೇ ಜಾಗದಲ್ಲಿದೆ. ನಿನ್ನ ಗುರುತನ್ನು ಯಾರೂ ತೆಗೆದಿಲ್ಲ. ಉಳಿದ ಎಂಬತ್ತು ಪುಟಗಳಿಗೆ ನನ್ನ ಸಹಿ ಇದೆ. ಬಂದು ಒಯ್ಯಿ.